ಮಾತ್ರೆಗೆ ಮಣಿಯದ ಭಯ

ಮೊದಲ ಸಲ ಅದು ಬಂದದ್ದು ಮೆಟ್ರೋ ರೈಲಿನಲ್ಲಿ, ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ. ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಮಗಳನ್ನು ಕೋಚಿಂಗ್‌ಗೆ ಸೇರಿಸಬೇಕೆಂದು ಅಂದು ಅರ್ಧ ದಿನ ರಜೆ ಹಾಕಿ, ಬಾಲಾನಗರದಲ್ಲಿ ರೈಲು ಹತ್ತಿ ಅಮೀರ್‌ಪೇಟ್‌ಗೆ ಹೊರಟಿದ್ದೆ. ಬೋಗಿಯಲ್ಲಿ ಜನ ಕಡಿಮೆ. ಎದುರಿನ ಸೀಟಿನಲ್ಲಿ ಒಬ್ಬ ಮುದುಕಿ ಮಡಿಲಲ್ಲಿ ಹೂವಿನ ಪೊಟ್ಟಣ ಇಟ್ಟುಕೊಂಡು ತೂಕಡಿಸುತ್ತಿದ್ದಳು. ನನ್ನ ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ತಿರುಗಿ ನೋಡಿದೆ. ಬರೀ ಗಾಜು. ಗಾಜಿನಾಚೆ ಮನೆಗಳ ಮೇಲಿನ ನೀರಿನ ಟ್ಯಾಂಕುಗಳು ಬಿಸಿಲಲ್ಲಿ ಹಿಂದಕ್ಕೆ ಓಡುತ್ತಿದ್ದವು.

ಆಮೇಲೆ ಎದೆ ಬಡಿಯಲು ಶುರುವಾಯಿತು. ಕೈ ತಣ್ಣಗಾಯಿತು, ತುಟಿ ಜೋಮು ಹಿಡಿಯಿತು. ಏನೋ ಆಗಲಿದೆ, ಈಗಲೇ ಆಗಲಿದೆ ಎಂಬುದು ಯಾರೋ ಬಂದು ಸುದ್ದಿ ಹೇಳಿದಷ್ಟು ಖಚಿತವಾಗಿತ್ತು. ಏನು ಎಂದು ಮಾತ್ರ ಗೊತ್ತಿರಲಿಲ್ಲ. ಬಾಗಿಲು ತೆರೆದ ಮುಂದಿನ ನಿಲ್ದಾಣದಲ್ಲಿ ಇಳಿದು ಕಂಬ ಹಿಡಿದು ಕೂತೆ. ಪೊಲೀಸರ ಹಾಗೆ ಬಟ್ಟೆ ತೊಟ್ಟ ಕಾವಲಿನ ಹೆಂಗಸು ಬಂದು, ಏನಾಯಿತಮ್ಮಾ ಎಂದು ತೆಲುಗಿನಲ್ಲಿ ಕೇಳಿ ನೀರು ಕೊಟ್ಟಳು. ತಲೆಯೆತ್ತಿ ಬೋರ್ಡು ನೋಡಿದರೆ ಎರ್ರಗಡ್ಡ. ಹೈದರಾಬಾದಿನಲ್ಲಿ ಬೆಳೆದವರಿಗೆ ಆ ಹೆಸರೆಂದರೆ ಹುಚ್ಚಾಸ್ಪತ್ರೆ. ಶಾಲೆಯಲ್ಲಿ ಯಾರನ್ನಾದರೂ ಚುಡಾಯಿಸಬೇಕೆಂದರೆ ನಾವು ಅವರನ್ನು ಅಲ್ಲಿಗೇ ಕಳಿಸುತ್ತಿದ್ದೆವು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ, ಆ ಹೆಂಗಸು ಮಾತ್ರ ನನ್ನ ಭುಜದ ಮೇಲಿನ ಕೈ ತೆಗೆಯಲಿಲ್ಲ.

ಗಂಡ ಆಫೀಸಿನಿಂದ ಓಡಿ ಬಂದರು. ಹೃದಯದ ಆಸ್ಪತ್ರೆಯಲ್ಲಿ ಇಸಿಜಿ ಆಯಿತು, ಎಕೋ ಆಯಿತು, ರಕ್ತ ಕೊಟ್ಟದ್ದಾಯಿತು. ಎಲ್ಲವೂ ಸರಿಯಾಗಿತ್ತು. "ಗ್ಯಾಸ್ ಇರಬೇಕು ತಗೋ, ಊಟ ಸರಿಯಾಗಿ ಮಾಡಂಗಿಲ್ಲ ನೀ" ಎಂದರು ನನ್ನವರು. ಅವರ ಮುಖದ ಮೇಲಿನ ನಿರಾಳ ನೋಡಿ ನನಗೂ ಹಾಗೇ ಇರಬೇಕು ಅನ್ನಿಸಿತು.

ಎರಡು ದಿನ ಬಿಟ್ಟು ಅದು ಲ್ಯಾಬಿಗೆ ಬಂತು. ಭಾನುವಾರ ಮಿಯಾಪುರದ ನಮ್ಮ ಮನೆಗೆ, ಹನ್ನೊಂದನೇ ಮಹಡಿಗೆ ಬಂತು. ಹೊತ್ತು ಮಾತ್ರ ಅದೇ. ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ, ಬಾಲ್ಕನಿಯಲ್ಲಿ ಬಟ್ಟೆ ಒಣಗಿ ಗರಿಗರಿಯಾಗುವ ಹೊತ್ತು. ಭೂತ ಪ್ರೇತಗಳಿಗೆ ಕತ್ತಲು ಬೇಕು ಎಂದುಕೊಂಡಿದ್ದವಳು ನಾನು. ನನ್ನದು ಮೂರು ಗಂಟೆಯ ನಿಚ್ಚಳ ಬೆಳಕಿನಲ್ಲಿ, ಎಲ್ಲ ಕಿಟಕಿಗಳೂ ತೆರೆದಿರುವಾಗ ಬರುತ್ತಿತ್ತು. ಮುಚ್ಚಿದ ಬಾಗಿಲು ಕಂಡರೆ ಅದರಾಚೆ ಯಾರೋ ನಿಂತಿದ್ದಾರೆ ಅನ್ನಿಸುತ್ತಿತ್ತು. ತೆರೆದಿಟ್ಟರೆ ಈಗಷ್ಟೇ ಎದ್ದು ಹೋದರು ಅನ್ನಿಸುತ್ತಿತ್ತು.

ಮಾನಸಿಕ ತಜ್ಞರ ಬಳಿ ಹೋದದ್ದು ಮೂರು ತಿಂಗಳ ಮೇಲೆ. ಅಮೀರ್‌ಪೇಟ್‌ನಲ್ಲಿ, ಸಾಫ್ಟ್‌ವೇರ್ ತರಬೇತಿಯ ಬೋರ್ಡುಗಳ ನಡುವೆ ಅವರ ಕ್ಲಿನಿಕ್ಕು. ತರುಣ, ಸಭ್ಯ ಮನುಷ್ಯ. ಇದೊಂದು ಆತಂಕದ ಕಾಯಿಲೆ, ಬಹಳ ಜನಕ್ಕೆ ಬರುತ್ತದೆ, ವಾಸಿಯಾಗುತ್ತದೆ ಎಂದು ಇಂಗ್ಲಿಷು ಬೆರೆಸಿದ ತೆಲುಗಿನಲ್ಲಿ ಹೇಳಿದರು. ಮಾತ್ರೆ ಹಿಡಿಯಲು ಆರು ವಾರ ಬೇಕು, ನಡುವೆ ಬಿಡಬೇಡಿ ಎಂದರು. ಬಹಳ ಹೆಚ್ಚಾದರೆ ಮಾತ್ರ ನುಂಗಲು ಬೇರೆ ಒಂದು ಸಣ್ಣ ಮಾತ್ರೆಯ ಪಟ್ಟಿ ಕೊಟ್ಟರು. ಮಾತ್ರೆ ಹೇಗೆ ಕೆಲಸ ಮಾಡುತ್ತದೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅದು ನನ್ನ ಕಸುಬು.

ಆರು ವಾರ ಕಾದೆ. ಎಂಟು, ಹತ್ತು ವಾರವಾಯಿತು. ಪ್ರಮಾಣ ಹೆಚ್ಚಿಸಿದರು. ಆಮೇಲೆ ಬೇರೆ ಮಾತ್ರೆ, ಮತ್ತೆ ಆರು ವಾರ. ಅದೂ ಆಗದೆ ಮೂರನೆಯದು. ಬಾಯಿ ಒಣಗಿತು, ಮೈ ತೂಕ ಹೆಚ್ಚಿತು, ನಿದ್ದೆ ಚೆನ್ನಾಗಿ ಬಂತು. ಮೂರು ಗಂಟೆಯದು ಮಾತ್ರ ಮೂರು ಗಂಟೆಗೆ ಬಂತು. ನಡುವೆ ಒಬ್ಬ ಹುಡುಗಿಯ ಬಳಿ ಕೌನ್ಸೆಲಿಂಗ್‌ಗೂ ಹೋದೆ. ಕಣ್ಣು ಮುಚ್ಚಿ ನಿಮಗೆ ಸುರಕ್ಷಿತ ಅನ್ನಿಸುವ ಜಾಗ ನೆನೆಸಿಕೊಳ್ಳಿ ಎಂದು ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಾನು ಕಣ್ಣು ಮುಚ್ಚಿ ಎಷ್ಟು ಹುಡುಕಿದರೂ ಅಂಥ ಜಾಗ ಸಿಗುತ್ತಿರಲಿಲ್ಲ. ಅವಳಿಗೆ ಬೇಜಾರಾಗಬಾರದೆಂದು ಸಮುದ್ರ ತೀರ ಎಂದು ಸುಳ್ಳು ಹೇಳುತ್ತಿದ್ದೆ.

ಎರಡನೇ ಮಾತ್ರೆಯ ದಿನಗಳಲ್ಲಿ ಒಂದು ಸಂಗತಿ ನಡೆಯಿತು. ನಮ್ಮ ಲ್ಯಾಬಿನಲ್ಲಿ ಮಾತ್ರೆ ಕರಗುವುದನ್ನು ಪರೀಕ್ಷಿಸುವ ಯಂತ್ರವಿದೆ. ಮೈಯಷ್ಟೇ ಬೆಚ್ಚಗಿನ ನೀರು ತುಂಬಿದ ಆರು ಗಾಜಿನ ಪಾತ್ರೆಗಳು, ಪ್ರತಿಯೊಂದರಲ್ಲೂ ನಿಧಾನವಾಗಿ ತಿರುಗುವ, ದೋಣಿಯ ಹುಟ್ಟಿನಂಥ ಒಂದು ಕಡ್ಡಿ. ಆ ವಾರ ನನ್ನ ಮೇಜಿಗೆ ಬಂದದ್ದು ನಾನೇ ನುಂಗುತ್ತಿದ್ದ ಔಷಧಿ. ಆರು ಪಾತ್ರೆಗೆ ಆರು ಮಾತ್ರೆ ಬಿಟ್ಟು ನೋಡುತ್ತ ನಿಂತೆ. ಮೊದಲು ಅಂಚು ಮಸುಕಾಯಿತು, ಆಮೇಲೆ ಹಿಟ್ಟಿನ ಹಾಗೆ ಉದುರಿತು, ನಿಯಮದಲ್ಲಿ ಹೇಳಿದಷ್ಟು ನಿಮಿಷದೊಳಗೆ ಆರೂ ಕರಗಿ ನೀರು ತಿಳಿಯಾಯಿತು. ಮಾತ್ರೆಯಲ್ಲಿ ಯಾವ ದೋಷವೂ ಇರಲಿಲ್ಲ. ಪಾಸಾಗಿದೆ ಎಂದು ಬರೆದು ಸಹಿ ಹಾಕಿದೆ. ಗೋಡೆಯ ಗಡಿಯಾರದಲ್ಲಿ ಎರಡೂ ಮುಕ್ಕಾಲು ಆಗಿತ್ತು.

ನಾನು ಡಾಕ್ಟರಿಗೆ ಸುಳ್ಳು ಹೇಳಲು ತೊಡಗಿದ್ದು ಆಮೇಲೆ. ಪ್ರತಿ ಸಲ ಒಂದು ಹಾಳೆ ಕೊಡುತ್ತಿದ್ದರು. ಕಳೆದ ಎರಡು ವಾರ ಹೇಗಿತ್ತು ಎಂದು ಸೊನ್ನೆಯಿಂದ ಮೂರರವರೆಗೆ ಅಂಕಿ ಹಾಕಬೇಕು. ನಾನು ಮೂರು ಹಾಕುವ ಕಡೆ ಒಂದು ಹಾಕತೊಡಗಿದೆ. ಅವರ ಮುಖದಲ್ಲಿ ನಗೆ ಕಾಣುತ್ತಿತ್ತು. ನನ್ನಿಂದಾಗಿ ಒಬ್ಬ ಒಳ್ಳೆಯ ಮನುಷ್ಯ ಸೋಲುತ್ತಿದ್ದಾರೆ ಎಂಬ ಭಾವ ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗುವ ಮಗು ಮನೆಯಲ್ಲಿ ಮಾರ್ಕ್ಸ್ ಕಾರ್ಡು ತಿದ್ದುವ ಹಾಗೆ.

ಒಂದು ಸಲ ನನ್ನವರು ಜೊತೆಗೆ ಬಂದರು. ಡಾಕ್ಟರು ಕೇಳಿದ್ದಕ್ಕೆ ನಾನು, ಬಹಳ ವಾಸಿ ಸರ್, ಮುಕ್ಕಾಲು ಪಾಲು ಹೋಗಿದೆ ಎಂದೆ. ವಾಪಸು ಬರುವಾಗ ಆಟೋ ಎರ್ರಗಡ್ಡ ದಾಟಿತು. ಆಗ ನನ್ನವರು ಕೇಳಿದರು:

"ನಿನ್ನೆ ಬಚ್ಚಲದಾಗ ಕುಂತು ಒಂದು ತಾಸು ಅತ್ತಾಕಿ ಯಾರು?"

ನಾನು ಪರ್ಸು ತೆಗೆದು ಆಟೋದ ದುಡ್ಡು ಎಣಿಸತೊಡಗಿದೆ.

"ನಾ ಕೇಳಾಕತ್ತೀನಿ. ಮುಕ್ಕಾಲು ಪಾಲು ಎಲ್ಲಿ ಹೋಗೈತಿ?"

"ಅವರಿಗೆ ಏನಂತ ಹೇಳಲಿ ರೀ? ಮೂರು ಗುಳಿಗಿ ಬದಲಿ ಮಾಡಿದ್ರು. ಇನ್ನೂ ಕಡಿಮಿ ಆಗಿಲ್ಲ ಅಂದ್ರ, ಈಕಿ ಸೋಗು ಹಾಕಾಕತ್ಯಾಳ ಅಂದುಕೊಳ್ತಾರ."

"ಯಾರು ಅಂದುಕೊಳ್ತಾರ? ನಾ ಅಂದೀನೇನು?"

ಅವರು ಅಂದಿರಲಿಲ್ಲ. ಆ ಮಾತು ನನ್ನ ತವರುಮನೆಯದು. ಸೋಗು. ನನ್ನ ಅತ್ತೆಗೆ, ಎಂದರೆ ಅಪ್ಪನ ಅಕ್ಕನಿಗೆ, ನಮ್ಮ ಮನೆಯವರು ಹೇಳುತ್ತಿದ್ದ ಮಾತು.

ವಿಜಯಪುರದ ಕಡೆಯಿಂದ ಬಂದ ನಮ್ಮ ಅಪ್ಪ ಕಾಚಿಗುಡದಲ್ಲಿ ಬೇಳೆಕಾಳಿನ ಅಂಗಡಿ ಇಟ್ಟಿದ್ದರು. ಗಂಡನ ಮನೆ ಬಿಟ್ಟು ಬಂದ ಅತ್ತೆ ನಮ್ಮೊಂದಿಗೇ ಇದ್ದಳು. ಬೆಳಿಗ್ಗೆ ಎದ್ದು ಮೂವತ್ತು ರೊಟ್ಟಿ ಬಡಿಯುವ ಗಟ್ಟಿ ಹೆಂಗಸು, ಮಧ್ಯಾಹ್ನದ ಊಟವಾದದ್ದೇ ಬೇರೆಯವಳಾಗುತ್ತಿದ್ದಳು. ಒಬ್ಬಳೇ ಕೂರಲಾರಳು. ಅಂಗಳದಲ್ಲಿ ಎಲೆ ಅಲುಗಿದರೂ "ಯಾರೋ ಬಂದಾರ, ನೋಡವ್ವಾ" ಎನ್ನುತ್ತಿದ್ದಳು. ದರ್ಗಾಕ್ಕೆ ಕರೆದೊಯ್ದು ತಾಯಿತ ಕಟ್ಟಿಸಿದರು, ಊರ ದೇವರಿಗೆ ಹರಕೆ ಹೊತ್ತರು, ಆಸ್ಪತ್ರೆಯ ಔಷಧಿ ತಿಂಗಳುಗಟ್ಟಲೆ ಕುಡಿಸಿದರು. ಯಾವುದೂ ನಾಟದೇ ಹೋದಾಗ ಎಲ್ಲರೂ ಸೇರಿ ಅದು ಸೋಗು ಎಂದು ತೀರ್ಮಾನಿಸಿದರು. ರಜೆಯ ದಿನಗಳಲ್ಲಿ ಅವಳ ಪಕ್ಕ ಕೂರುವ ಕೆಲಸ ನನ್ನದು. ನನ್ನ ಮಣಿಕಟ್ಟು ಹಿಡಿದುಕೊಂಡೇ ಇರುತ್ತಿದ್ದಳು. ಆ ಕೈಯ ತಣ್ಣಗಿನ ಸ್ಪರ್ಶ ಈಗಲೂ ನನ್ನ ಚರ್ಮಕ್ಕೆ ಗೊತ್ತು.

ನನಗೆ ಹನ್ನೊಂದು ವರ್ಷವಾಗಿದ್ದ ಬೇಸಿಗೆ. ಅವ್ವ ಯಾರದೋ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದಳು. ಮಾಳಿಗೆಯ ಮೇಲೆ ಪಕ್ಕದ ಮನೆಯ ಹುಡುಗಿಯರು ಕೇರಂ ಆಡುತ್ತಿದ್ದ ಸದ್ದು ಕೇಳುತ್ತಿತ್ತು. ನೀರು ಕುಡಿದು ಬರುತ್ತೇನೆಂದು ಎದ್ದೆ. "ಲಗೂನ ಬಾ ಅವ್ವಾ" ಎಂದಳು. ಹಿಂದೆಯೇ ಎದ್ದು ಬಂದಾಳು ಎಂದು ಕೋಣೆಯ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದೆ. ಮಾಳಿಗೆಗೆ ಹೋದೆ.

ಬಾಗಿಲು ಬಡಿಯುವ ಸದ್ದು ನನಗೆ ಕೇಳಿಸುತ್ತಿತ್ತು. ಅದೇನು ಸದ್ದು ಎಂದು ಒಬ್ಬಳು ಕೇಳಿದಾಗ, ಅವಲಕ್ಕಿ ಕುಟ್ಟುತ್ತಿದ್ದಾರೆ ಎಂದೆ. ಎಷ್ಟು ಹೊತ್ತು ಆಡಿದೆನೋ, ನಡುವೆ ಯಾವಾಗಲೋ ಸದ್ದು ನಿಂತಿತು. ಕೆಳಗಿಳಿದು ಚಿಲಕ ತೆಗೆದರೆ ಬಾಗಿಲು ತಳ್ಳಲಾಗಲಿಲ್ಲ. ಅತ್ತೆ ಅದಕ್ಕೇ ಒರಗಿ ಕೂತಿದ್ದಳು. ಬಳೆ ಒಡೆದು ಕೈಯಲ್ಲಿ ರಕ್ತವಿತ್ತು. ನಿಧಾನವಾಗಿ ಸರಿದು ಜಾಗ ಕೊಟ್ಟು, ನನ್ನನ್ನು ನೋಡಿ "ಬಂದಿ ಏನವ್ವಾ" ಎಂದಳು. ಅಷ್ಟೇ. ಸಂಜೆ ಅವ್ವ ಕೇಳಿದಾಗ ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು. ಆ ದಿನದ ನಂತರ ಅವಳು ನನ್ನನ್ನು ಪಕ್ಕಕ್ಕೆ ಕರೆಯಲಿಲ್ಲ. ಮಧ್ಯಾಹ್ನಗಳಲ್ಲಿ ಒಬ್ಬಳೇ ಗೋಡೆಗೆ ಬೆನ್ನು ಕೊಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂರುತ್ತಿದ್ದಳು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಬೇರೇನೋ ಕಾಯಿಲೆಯಾಗಿ ತೀರಿಕೊಂಡಳು. ನನಗೆ ಅಳು ಬರಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೊದಲು ಹೇಳಿದ್ದು ಎರಡನೆಯ ಡಾಕ್ಟರಿಗೆ. ಆಟೋದ ಜಗಳವಾದ ಮೇಲೆ ನನ್ನವರು ಹುಡುಕಿ ಕರೆದೊಯ್ದ ಧಾರವಾಡದ ಕಡೆಯ ವಯಸ್ಸಾದ ಹೆಣ್ಣುಮಗಳು ಆಕೆ. ಹತ್ತಿ ಸೀರೆ, ಬೆಳ್ಳಗಾದ ಜಡೆ. ನನ್ನ ಹಳೆಯ ಚೀಟಿ, ಅಂಕಿ ಹಾಕಿದ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿ, ಯಾವ ಮಾತ್ರೆ ಎಷ್ಟು ದಿನ, ಎಷ್ಟು ಪ್ರಮಾಣ ಎಂದು ಬರೆದುಕೊಂಡರು. ಥೈರಾಯಿಡ್ ಮತ್ತೆ ನೋಡಿಸಿದರು. ಚಹಾ ಎಷ್ಟು ಸಲ ಕುಡಿಯುತ್ತೀರಿ ಎಂದೂ ಕೇಳಿದರು.

"ಅಲ್ಲಿ ಹಾಳಿ ಮ್ಯಾಲೆ ಒಂದು, ಸೊನ್ನಿ ಅಂತ ಬರದೀರಲ್ಲ, ಅವು ಖರೇನೇನು?"

"ಇಲ್ರೀ ಡಾಕ್ಟರ್ರ. ಸುಳ್ಳು."

"ಛಲೋ ಆತು. ಇವತ್ತಿಂದ ಖರೇ ಅಂಕಿ ಬರೀರಿ. ನನಗ ಬೇಜಾರ ಆಗಂಗಿಲ್ಲ."

ಎರಡನೇ ಭೇಟಿಯಲ್ಲಿ ಅವರು ಕೇಳಿದರು, ಆ ಹೊತ್ತಿನಲ್ಲಿ ಮನಸ್ಸು ಏನು ಹೇಳುತ್ತದೆ, ಇದ್ದ ಮಾತು ಇದ್ದ ಹಾಗೆ ಹೇಳಿ ಎಂದು. ಎರಡು ವರ್ಷ ಇಂಗ್ಲಿಷಿನಲ್ಲಿ ಪಾಲ್ಪಿಟೇಶನ್, ಟೆನ್ಶನ್ ಎಂದು ಹೇಳಿಕೊಂಡು ಬಂದಿದ್ದೆ. ಅವತ್ತು ಬಾಯಿಯಿಂದ ಬಂದದ್ದು "ಯಾರೋ ಬಂದಾರ" ಎಂಬ ಮಾತು. ನನ್ನ ಧ್ವನಿಯಲ್ಲೇ, ಆದರೆ ನನ್ನದಲ್ಲದ ರಾಗದಲ್ಲಿ. ಆಮೇಲೆ ಚಿಲಕದ ಕಥೆ ಪೂರ್ತಿ ಹೇಳಿದೆ. ಹೇಳಿ ಮುಗಿಸಿ ಹೊರಬಂದಾಗ ಮೈ ಹಗುರಾಗಿತ್ತು. ದಾರಿಯಲ್ಲಿ ನನ್ನವರಿಗೂ ಅಷ್ಟನ್ನೂ ಹೇಳಿ, "ಹೋತು ರೀ, ಇನ್ನ ಬರಂಗಿಲ್ಲ" ಎಂದೆ. ಅವರು ದಾರಿಬದಿ ಗಾಡಿ ನಿಲ್ಲಿಸಿ ಕಬ್ಬಿನ ಹಾಲು ಕುಡಿಸಿದರು.

ಮರುದಿನ ಮೂರು ಗಂಟೆಗೆ ಅದು ಬಂತು. ಏನೂ ಬದಲಾಗಿರಲಿಲ್ಲ. ಅದೇ ತಣ್ಣನೆ ಕೈ, ಅದೇ ಖಚಿತತೆ. ಲ್ಯಾಬಿನ ಉಗ್ರಾಣದಲ್ಲಿ ಡಬ್ಬಿಗಳ ನಡುವೆ ಕೂತು ನಾನು ಮೋಸಹೋದವಳ ಹಾಗೆ ಅತ್ತುಬಿಟ್ಟೆ. ಮೂವತ್ತು ವರ್ಷ ಮುಚ್ಚಿಟ್ಟದ್ದನ್ನು ಬಿಚ್ಚಿ ಕೊಟ್ಟಿದ್ದೆ. ಇನ್ನೇನು ಬೇಕಿತ್ತು ಅದಕ್ಕೆ?

ಆ ವಾರ ಡಾಕ್ಟರ ಎದುರು ಕೂತು ಸಿಟ್ಟಿನಲ್ಲೇ ಕೇಳಿದೆ, "ಎಲ್ಲಾ ಹೇಳಿದ್ನಲ್ರೀ. ಮತ್ಯಾಕ ಬರತೈತಿ?"

ಅವರು ಕನ್ನಡಕ ತೆಗೆದಿಟ್ಟರು. "ಕಥಿ ಹೇಳಿದ್ರ ರೋಗ ಹೋಗತೈತಿ ಅಂತ ನಾ ಹೇಳಿದ್ನೇನು? ಆ ಕಥಿ ನಿಮ್ಮ ಎದಿಯೊಳಗಿನ ಭಾರ. ಹೇಳಿದ್ದು ಛಲೋ ಆತು. ಈ ಕಾಯಿಲಿ ಬ್ಯಾರೆ. ನಿಮ್ಮ ಅತ್ತಿಗೂ ಇದ್ದೀತು, ನಿಮಗೂ ಬಂದೀತು. ಅಕಿ ಶಾಪ ಕೊಟ್ಟಿಲ್ಲ ನಿಮಗ."

"ಹಂಗಾರ ಇದು ಹೋಗಂಗಿಲ್ಲೇನ್ರೀ?"

"ಕೆಲವರಿಗೆ ಮೊದಲನೇ ಗುಳಿಗಿಗೇ ಹೋಗತೈತಿ. ಕೆಲವರಿಗೆ ಭಾಳ ದಿನ ತಗೊಂತೈತಿ. ಪೂರಾ ಹೋಗತೈತಿ ಅಂತ ನಾ ಸುಳ್ಳು ಹೇಳಂಗಿಲ್ಲ. ನಿಮ್ಮ ಪರ್ಸ್ ತಗೀರಿ ನೋಡೂಣು."

ಪರ್ಸಿನಲ್ಲಿ ಆ ಸಣ್ಣ ಮಾತ್ರೆಯ ಪಟ್ಟಿ ಇತ್ತು. ನುಂಗುತ್ತಿದ್ದದ್ದು ಅಪರೂಪ, ಆದರೆ ಅದಿಲ್ಲದೆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅದರ ಜೊತೆ ನೀರಿನ ಬಾಟಲಿ, ಏಲಕ್ಕಿ, ವಿಭೂತಿ, ಎರಡು ಆಸ್ಪತ್ರೆಗಳ ನಂಬರು ಬರೆದ ಚೀಟಿ. ಮೂರು ಗಂಟೆ ಸಮೀಪಿಸಿದರೆ ಯಾರಾದರೂ ಪಕ್ಕದಲ್ಲಿರುವಂತೆ ನೋಡಿಕೊಳ್ಳುತ್ತಿದ್ದೆ, ಇಲ್ಲದಿದ್ದರೆ ಫೋನಿನಲ್ಲಿ ಅವ್ವನನ್ನು ಹಿಡಿದಿರುತ್ತಿದ್ದೆ. ಉಸಿರಾಟದ ಅಭ್ಯಾಸವನ್ನೂ ಭಯ ಓಡಿಸುವ ಮಂತ್ರದ ಹಾಗೆ ಮಾಡುತ್ತಿದ್ದೆ. ಇಷ್ಟೆಲ್ಲ ಕಾವಲಿಟ್ಟ ಮೇಲೆ ಒಳಗೆ ಬರುವವನು ದೊಡ್ಡ ಕಳ್ಳನೇ ಇರಬೇಕೆಂದು ಮನಸ್ಸು ನಂಬದೆ ಏನು ಮಾಡುತ್ತದೆ ಎಂದರು ಅವರು.

ಮುಂದಿನ ಎಂಟು ತಿಂಗಳು ನಾವು ಮಾಡಿದ್ದು ಬಹಳ ಬೇಸರದ ಕೆಲಸ. ಒಂದು ಮಾತ್ರೆ ಉಳಿಸಿಕೊಂಡು, ಅದಕ್ಕೆ ಇನ್ನೊಂದನ್ನು ಜೋಡಿಸಿ, ತಿಂಗಳು ತಿಂಗಳು ನೋಡಿದರು. ಆ ಸಣ್ಣ ಮಾತ್ರೆಯನ್ನು ಅವರ ಲೆಕ್ಕದಂತೆ ನಿಧಾನವಾಗಿ ಬಿಡಿಸಿದರು. ಭಾನುವಾರ ಮಧ್ಯಾಹ್ನ ಮನೆಯವರನ್ನು ಹೊರಗೆ ಕಳಿಸಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಏನೂ ಮಾಡದೆ ಕೂರಬೇಕಿತ್ತು. ಜಪ ಕೂಡದು, ಫೋನು ಕೂಡದು. ಬಂದದ್ದನ್ನು ಬಂದ ಹಾಗೆ ಇರಗೊಡಬೇಕು. ಮೊದಲ ಭಾನುವಾರ ನಾಲ್ಕು ನಿಮಿಷ ಕೂತು ಬಾಗಿಲು ತೆಗೆದುಕೊಂಡು ಓಡಿ ಲಿಫ್ಟಿನ ಬಳಿ ನಿಂತೆ. ಕೆಳಗೆ ಕಾಯುತ್ತಿದ್ದ ನನ್ನವರು ಮೇಲೆ ಬಂದು, ಚಪ್ಪಲಿ ಬಿಟ್ಟು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತರು. ಮೂರನೇ ತಿಂಗಳಲ್ಲಿ ಒಂದು ಭಾನುವಾರ ಒಂದು ತಾಸು ಕೂತೆ. ಆ ತಾಸಿನಲ್ಲಿ ಬಾಗಿಲಾಚೆ ಅತ್ತೆ ನಿಂತಿದ್ದಳು, ಖಂಡಿತ ನಿಂತಿದ್ದಳು. ನಾನು ಎದ್ದು ತೆರೆಯಲಿಲ್ಲ. ಕ್ಷಮೆ ಕೇಳಲೂ ಇಲ್ಲ. ನಡುಗುತ್ತ ಕೂತೇ ಇದ್ದೆ, ಬೆವರು ಆರಿತು, ಹೊಟ್ಟೆ ಹಸಿಯಿತು. ಆಮೇಲೆ ಎದ್ದು ಉಪ್ಪಿಟ್ಟು ಮಾಡಿ ತಿಂದೆ.

ಈಗಲೂ ಅದು ಬರುತ್ತದೆ. ದಿನವೂ ಬರುತ್ತಿದ್ದದ್ದು ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ. ಕೆಲವು ತಿಂಗಳು ಯಾವ ಕಾರಣವೂ ಇಲ್ಲದೆ ಮತ್ತೆ ಹೆಚ್ಚುತ್ತದೆ. ಖರೇ ಅಂಕಿ ಬರೆಯುತ್ತೇನೆ. ಲ್ಯಾಬಿನ ಮುಖ್ಯಸ್ಥರಿಗೆ ಇರುವುದನ್ನು ಹೇಳಿದ್ದೇನೆ. ಅವರು, ಮೂರು ಗಂಟೆಯ ಯಂತ್ರದ ರೀಡಿಂಗನ್ನು ಬೇರೆಯವರಿಗೆ ಕೊಡಲೇ ಎಂದು ಕೇಳಿದರು. ಬೇಡ ಎಂದೆ.

ಕಳೆದ ತಿಂಗಳು ಮಗಳು ಕಾಲೇಜಿನ ಕುರ್ತಾಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಹದಿನೇಳು ವರ್ಷ ಅವಳಿಗೆ. ಗೆಳತಿಯರೊಂದಿಗೆ ತೆಲುಗು, ಹೊರಗೆ ಹಿಂದಿ, ನನ್ನೊಂದಿಗೆ ಮಾತ್ರ ಮನೆಯ ಕನ್ನಡ. ತಲೆಯೆತ್ತದೆ ಕೇಳಿದಳು:

"ಮಮ್ಮಿ, ಇದು ನನಗೂ ಬರತೈತೇನು?"

ನಾನು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ. ಇಲ್ಲವ್ವ, ನಿನಗ್ಯಾಕ ಬರತೈತಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವ್ವನಾಗಿದ್ದರೆ ಹಾಗೆಯೇ ಹೇಳಿ, ಉಪ್ಪು ಮೆಣಸಿನಕಾಯಿ ಇಳಿ ತೆಗೆದು, ದೃಷ್ಟಿ ಹೋಗಲೆಂದು ಬೆಂಕಿಗೆ ಹಾಕುತ್ತಿದ್ದಳು.

"ಗೊತ್ತಿಲ್ಲ" ಎಂದೆ. "ಬಂದ್ರೂ ಬರಬಹುದು."

ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದಳು. "ಬಂದ್ರ ಏನ್ ಮಾಡಬೇಕು?"

"ನನಗ ಹೇಳಬೇಕು. ಅವತ್ತೇ ಹೇಳಬೇಕು. ಹೆಂಗೈತಿ ಹಂಗ ಹೇಳಬೇಕು."

"ನೀ ಎದ್ದು ಹೋಗಂಗಿಲ್ಲ ಹೌದಿಲ್ಲೋ?"

ಅವಳಿಗೆ ಅತ್ತೆಯ ವಿಷಯ ಏನೂ ಗೊತ್ತಿಲ್ಲ. ನಾನು ಹೇಳಿಲ್ಲ, ಅವರಪ್ಪನೂ ಹೇಳಿಲ್ಲ. ಆ ಮಾತು ಅವಳಿಗೆ ಎಲ್ಲಿಂದ ಬಂತೋ ನನಗೆ ತಿಳಿಯದು. ಇಲ್ಲ, ಹೋಗಂಗಿಲ್ಲ ಎಂದೆ. ಅವಳು ಕುರ್ತಾ ತಿರುವಿ ಹಾಕಿ, ಇನ್ನೊಂದು ತೋಳಿಗೆ ನೀರು ಚಿಮುಕಿಸಿದಳು.